ಅಲ್ದೆರಿಕನ ಬಿಳಿ ಚಡ್ಡಿ

ಮೇ ತಿಂಗಳಲ್ಲಿ ಹೂತದ್ದು. ಜುಲೈಯಲ್ಲಿ ತೆಗೆಯಬೇಕು
ಎಂದು ಕಾಗದದಲ್ಲಿ ಬರೆದಿತ್ತು.
ನೂರಕ್ಕೆ ನೂರು ಹತ್ತಿ, ಬಣ್ಣ ಹಾಕದ್ದು:
ಮಣ್ಣು ಬದುಕಿದೆಯೋ ಇಲ್ಲವೋ ನೋಡಲು
ಕೃಷಿ ಇಲಾಖೆಯವರು ಹೇಳಿಕೊಟ್ಟ ಅಗ್ಗದ ಉಪಾಯ.
ಜೆಲಿಕಾ ಅಂಗಡಿಗೆ ಹೋಗಲಿಲ್ಲ.
ಗಂಡ ಸತ್ತು ಎರಡು ಚಳಿಗಾಲ ಕಳೆದಿತ್ತು,
ಅವನ ಕಪಾಟಿನ ಕೆಳಖಾನೆ ಹಾಗೇ ಇತ್ತು.
ಎರಡು ಚಡ್ಡಿ ತೆಗೆದಳು.
ಒಂದು ಬೇಲಿಯಾಚೆ, ಮೇಪಲ್ ಮರಗಳ ಬುಡಕ್ಕೆ,
ಇನ್ನೊಂದು ಹೊಲದ ನಡುವಿಗೆ.

ಅಗೆಯಲು ನನ್ನನ್ನು ಕರೆದಳು.
ನನ್ನನ್ನೇ ಯಾಕೆ ಎಂದು ನಾನು ಕೇಳಲಿಲ್ಲ,
ಅವಳೂ ಹೇಳಲಿಲ್ಲ.
ನ್ಯೂ ಬ್ರನ್ಸ್‌ವಿಕ್‌ನ ಈ ಕಣಿವೆಯಲ್ಲಿ
ಕಾಗದದ ಕಾರ್ಖಾನೆಯ ಕೆಸರು ಹೊತ್ತ ಲಾರಿಯನ್ನು
ಹನ್ನೊಂದು ವರ್ಷ ಓಡಿಸಿದವನು ನಾನು.
ಗೊಬ್ಬರ ಪುಕ್ಕಟೆ, ತಂದು ಸುರಿಯುವುದೂ ಪುಕ್ಕಟೆ.
ಬೂದಿಬಣ್ಣ, ಒದ್ದೆ ರಟ್ಟಿನ ವಾಸನೆ,
ಹಿಮ ಬಿದ್ದ ದಿನ ಗಂಜಿಯ ಹಾಗೆ ಹಬೆಯಾಡುತ್ತಿತ್ತು.
ಅಲ್ದೆರಿಕ್ ಗೇಟು ತೆಗೆದು ನಿಂತು
ಟೊಪ್ಪಿ ಬೀಸುತ್ತಿದ್ದ, ನೆಂಟರು ಬಂದ ಹಾಗೆ.

ಮೊದಲೆರಡು ವರ್ಷ ಹುಲ್ಲು ಹಸಿರೆಂದರೆ ಹಸಿರು,
ಹಸುಗಳ ಹೊಟ್ಟೆ ಮುಟ್ಟುವಷ್ಟು.
ಮಣ್ಣಿನೊಳಗೆ ಹಬ್ಬ ನಡೆದಿತ್ತಂತೆ.
ಕಣ್ಣಿಗೆ ಕಾಣದವರು, ಚಮಚಕ್ಕೆ ಕೋಟಿ ಕೋಟಿ,
ನಾರು ತಿಂದು, ನೀರು ಕುಡಿದು,
ಮಕ್ಕಳ ಮೇಲೆ ಮಕ್ಕಳ ಹಡೆದು.
ಆಮೇಲೆ ತಿನ್ನಲಾಗದ್ದು ಉಳಿಯಿತು.
ಸತು. ಕ್ಯಾಡ್ಮಿಯಂ. ನನಗೆ ಹೆಸರು ಬಾರದ ಇನ್ನೇನೋ.
ಉಂಡವರು ಸತ್ತರು; ಲೋಹಕ್ಕೆ ಸಾವಿಲ್ಲ.

ಕ್ಲೋವರ್ ಗಿಡವೊಂದನ್ನು ಕಿತ್ತು
ಬೇರಿನ ಗಂಟನ್ನು ಜೆಲಿಕಾ ಉಗುರಲ್ಲಿ ಸೀಳಿದಳು.
ಸಾಸಿವೆಯಷ್ಟು ಗಂಟು. ಒಳಗೆ ಗುಲಾಬಿ ಇರಬೇಕು,
ಹಸುಗೂಸಿನ ಒಸಡಿನ ಬಣ್ಣ,
ಗಾಳಿಯನ್ನು ಅನ್ನ ಮಾಡುವವರು ಅಲ್ಲಿದ್ದರೆ.
ಬಿಳಿಚಿಕೊಂಡಿತ್ತು.
"ಮನೆ ಇದೆ, ಒಲೆ ಉರೀತಿಲ್ಲ," ಎಂದಳು.

ಮೊದಲು ಮೇಪಲ್ ಬುಡ.
ಸಿಕ್ಕಿದ್ದು ಸೊಂಟದ ಇಲಾಸ್ಟಿಕ್ ಒಂದೇ,
ಜೊತೆಗೆ ಎರಡೆಳೆ ನೈಲಾನ್ ದಾರ.
ಮಿಕ್ಕಿದ್ದೆಲ್ಲ ತಿಂದು ತೇಗಿದ್ದರು.
ಜೆಲಿಕಾ ನಕ್ಕಳು. ಹೂಳುವ ದಿನದಿಂದೀಚೆ
ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.
"ಬದುಕಿದ್ದಾಗ ಅವನೇ ಇಷ್ಟು ಬೇಗ ಹರೀತಿರಲಿಲ್ಲ."

ಆಮೇಲೆ ಹೊಲ.
ಸನಿಕೆ ಇಳಿಯಿತು. ಎರೆಹುಳು ಇಲ್ಲ.
ಮುಗ್ಗು ವಾಸನೆ ಇಲ್ಲ, ಯಾವ ವಾಸನೆಯೂ ಇಲ್ಲ.
ಬಟ್ಟೆ ಇಡಿಯಾಗಿ ಬಂತು.
ಕಂದಿತ್ತು, ಅಷ್ಟೆ. ಒಗೆದರೆ ತೊಡಬಹುದು.
ಕಾಲಿನ ಅಂಚಿಗೆ ಅವಳೇ ಹಾಕಿದ್ದ ತೇಪೆ,
ಹೊಲಿಗೆಯ ಮೇಲೆ ಹೊಲಿಗೆ, ಒಂದೂ ಬಿಟ್ಟಿರಲಿಲ್ಲ.
ಬಾಳಿಕೆ ಬರಲಿ ಎಂದೇ ಹಾಕಿದ್ದ ತೇಪೆ.
ಹೆಬ್ಬೆರಳಲ್ಲಿ ಅದನ್ನು ತುಂಬ ಹೊತ್ತು ಸವರಿದಳು.

ಒಗೆಯಲಿಲ್ಲ. ಮಣ್ಣಿನ ಸಮೇತ
ರಸ್ತೆ ಬದಿಯ ತಂತಿಗೆ ನೇತುಹಾಕಿದಳು,
ಲಾರಿಗಳು ಒಳಗೆ ಹೊರಳುತ್ತಿದ್ದ ತಿರುವಿಗೆ ಎದುರಾಗಿ.
ಪಾದ್ರಿ ಕಾರು ನಿಧಾನಿಸಿ, ನೋಡಿ, ಹೋದರು.

"ಎಷ್ಟು ಟ್ರಿಪ್ಪು ಸುರಿದೆ?" ಚಹಾ ಬಗ್ಗಿಸುತ್ತ ಕೇಳಿದಳು.
ಈ ಹೊಲಕ್ಕೆ ನಾನೂರ ಹನ್ನೆರಡು.
ಟ್ರಿಪ್ಪಿಗಿಷ್ಟು ಎಂದು ಸಂಬಳ,
ಅದಕ್ಕೇ ಪುಸ್ತಕದಲ್ಲಿ ಬರೆದಿಟ್ಟಿದ್ದೆ.
ಅವಳು ಬೈಯಲಿಲ್ಲ. ಬಕೆಟ್ಟು ಕೊಟ್ಟಳು.

ಮೇಪಲ್ ಬುಡದ ಮಣ್ಣು ತಂದು ಹೊಲದ ಮೂಲೆಯಲ್ಲಿ
ಹಿಡಿ ಹಿಡಿಯಾಗಿ ಬೆರೆಸುತ್ತೇನೆ, ಹಾಲಿಗೆ ಹೆಪ್ಪಿಟ್ಟ ಹಾಗೆ.
ಲ್ಯಾಬಿನ ಹುಡುಗ ಹೇಳಿದ: ಲೋಹ ಎಲ್ಲಿಗೂ ಹೋಗುವುದಿಲ್ಲ,
ಹೊಸಬರೂ ಸಾಯಬಹುದು,
ಯಾರೋ ಕೆಲವರು ಒಗ್ಗಿಕೊಳ್ಳಲೂಬಹುದು.
ಕೆಟ್ಟ ಹಾಲು ಹೆಪ್ಪುಗಟ್ಟೀತೆ? ನನಗೇನು ಗೊತ್ತು,
ನಾನು ಲಾರಿಯವನು.
ಅದೇ ಪುಸ್ತಕದಲ್ಲಿ, ಹಿಂದಿನ ಪುಟದಿಂದ, ಎಣಿಸುತ್ತಿದ್ದೇನೆ.
ಇವತ್ತಿಗೆ ಮೂವತ್ತೊಂದು.
ಮೊಣಕಾಲು ನೋಯುತ್ತದೆ.
ಇಲಾಸ್ಟಿಕ್ ಅವಳ ಏಪ್ರನ್ನಿನ ಕಿಸೆಯಲ್ಲಿದೆ.