ಏಳನೇ ನಂಬರು

ಜಬೀವುಲ್ಲಾ ಬೀಗ ತೆಗೆದು ಮೊದಲು ತೋರಿಸಿದ್ದು ಬೆಳಕನ್ನೇ.
ಫಾಲ್ಸ್ ಸೀಲಿಂಗಿನೊಳಗೆ ಅಡಗಿಸಿಟ್ಟ ಬೆಳಕು,
ಸ್ವಿಚ್ಚು ಒತ್ತಿದರೆ ಹಳದಿ, ಇನ್ನೊಮ್ಮೆ ಒತ್ತಿದರೆ ಬಿಳಿ,
ಮೂರನೇ ಸಲಕ್ಕೆ ಎರಡೂ ಅಲ್ಲದ ಒಂದು ನಸುಬಣ್ಣ.
"ಮೂಡು ಮೇಡಂ," ಅಂದ. "ಮೂಡಿಗೆ ತಕ್ಕ ಹಾಗೆ."

ಅಶೋಕನಗರದ ಈ ರಸ್ತೆಗೂ ಈಗ ಮೂಡು ಬಂದಿದೆ.
ಝೆರಾಕ್ಸ್ ಅಂಗಡಿಯಿದ್ದಲ್ಲಿ ಹಚ್ಚೆ ಹಾಕುವವನು,
ಹಿಟ್ಟಿನ ಗಿರಣಿಯಿದ್ದಲ್ಲಿ ಕಾಫಿ; ಗಿರಣಿಯ ಚಕ್ರ ಗೋಡೆಗೆ ನೇತುಬಿದ್ದಿದೆ,
ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಕರೀ ಕಲ್ಲಿನ ಹಲಗೆ ಮೇಲಿಟ್ಟು
ನೂರಾ ಎಂಬತ್ತು ರೂಪಾಯಿ ತಗೊಳ್ಳುತ್ತಾರೆ.
ತಿಂದೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಗಡಿಯಾರದ ಕಾರ್ಖಾನೆಯವರು ಸಂಘ ಕಟ್ಟಿ,
ತಿಂಗಳ ಸಂಬಳದಲ್ಲಿ ಇಷ್ಟಿಷ್ಟು ಮುರಿಸಿಕೊಂಡು
ಎಬ್ಬಿಸಿದ ಹನ್ನೆರಡು ಮನೆ.
ಕಾರ್ಖಾನೆ ಮುಚ್ಚಿತು; ಸಂಘ ಮುಚ್ಚಲಿಲ್ಲ.
ಹಾಗಾಗಿ ದುಡ್ಡಿದ್ದರೆ ಸಾಲದು ಇಲ್ಲಿ,
ಒಪ್ಪಬೇಕು ಐದು ಜನ, ಭಾನುವಾರ, ಹತ್ತೂವರೆಗೆ,
ಮೋಟರು ರೂಮಿನ ಪಕ್ಕದ ಆಫೀಸಿನಲ್ಲಿ.

"ಹೆಸರು?" "ಮಂಗಳಗೌರಿ."
"ಕೆಲಸ?" "ಜಿಲ್ಲಾಸ್ಪತ್ರೆ, ಲ್ಯಾಬು. ರಕ್ತ ನೋಡ್ತೀನಿ."
"ಯಾರ್ಯಾರು ಇರ್ತೀರಿ?" "ನಾನು."
"ಮತ್ತೆ?" "ನಾನೇ."
ಫ್ಯಾನು ಒಂದು ಸುತ್ತು ತಿರುಗಿ ಎರಡನೆಯದಕ್ಕೆ ಯೋಚಿಸಿತು.
ಒಬ್ಬರು ಕೆಮ್ಮಿದರು. ಒಬ್ಬರು ನಾನ್‌ವೆಜ್ಜಿನ ವಿಷಯ ಎತ್ತಿ ತಾವೇ ಇಳಿಸಿದರು.
ಕಾರ್ಯದರ್ಶಿ ಓಂಕಾರಪ್ಪ ಮಾತ್ರ ಎಡಗಣ್ಣು ಕಿರಿದು ಮಾಡಿ
ನನ್ನ ಅರ್ಜಿಯನ್ನು ಹತ್ತಿರ ಹಿಡಿದು ನೋಡುತ್ತಲೇ ಇದ್ದರು;
ಇಪ್ಪತ್ತೆಂಟು ವರ್ಷ ಭೂತಗನ್ನಡಿ ಸಿಕ್ಕಿಸಿಕೊಂಡು
ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದ ಕಣ್ಣಂತೆ ಅದು.
ನಾನೂ ಹಾಗೇ ನೋಡುವವಳು. ಗುರುತು ಹತ್ತಿತು.
ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ಅಂದರು:
"ನೀರು ಆರರಿಂದ ಏಳೂವರೆ."

ಹತ್ತು ಷೇರು, ಒಂದಕ್ಕೆ ನೂರು ರೂಪಾಯಿ.
ಹಳದಿಗಟ್ಟಿದ ಸರ್ಟಿಫಿಕೇಟಿನಲ್ಲಿ ಮೂರು ಹೆಸರು ಹೊಡೆದು
ನಾಲ್ಕನೆಯದು ನನ್ನದು.
ಬ್ಯಾಂಕಿಗೆ ಹದಿನೇಳು ವರ್ಷ. ಕೊನೇ ಕಂತಿನ ತಿಂಗಳೇ ನನ್ನ ನಿವೃತ್ತಿ,
ಎರಡನ್ನೂ ಒಂದೇ ಹಾರದಲ್ಲಿ ಮುಗಿಸಬಹುದು.
ಮೆಟ್ಟಿಲು ಎಲ್ಲರದ್ದು ಅಂತ ಕಾಯ್ದೆ.
ಎಣಿಸಿದೆ: ನಲವತ್ತೆರಡು. ಹನ್ನೆರಡರಿಂದ ಭಾಗಿಸಿದರೆ
ಮೂರೂವರೆ ಮೆಟ್ಟಿಲು ನನ್ನವು.
ಯಾವ ಮೂರು, ಆ ಅರ್ಧ ಯಾವುದರದ್ದು,
ಹತ್ತುವಾಗೆಲ್ಲ ಬೇರೆ ಬೇರೆ ಆರಿಸಿಕೊಳ್ಳುತ್ತೇನೆ.

"ಬಾಡಿಗೆಗೇ ಇರಬಹುದಿತ್ತಲ್ಲ," ಅಂದಳು ಲ್ಯಾಬಿನ ಶಾಹಿಸ್ತಾ.
ಬಾಡಿಗೆ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ
ಹತ್ತೊಂಬತ್ತು ವರ್ಷ ಯಾರನ್ನಾದರೂ ಕೇಳಿದೆ.
ಇಲ್ಲಿ ಕೇಳಬೇಕಿಲ್ಲ. ಹೊಡೆದೆ.
ಜಿಪ್ಸಮ್ಮು, ಮೊಳೆ ನಿಲ್ಲುವುದಿಲ್ಲ, ಪುಡಿ ಉದುರುತ್ತದೆ.

ಅಡುಗೆಮನೆಯ ಗೋಡೆ ಒಡೆದಿದ್ದಾರೆ;
ನೆಲದಲ್ಲಿ ಹೂತಿದ್ದ ಒರಳುಕಲ್ಲೂ ಇಲ್ಲ.
ಎಲ್ಲಿ ಹೋಯ್ತು ಅಂದರೆ ಜಬೀವುಲ್ಲಾ ನಕ್ಕ,
"ಚಿಮಣಿ ಕೊಟ್ಟಿದ್ದಾರಲ್ಲ ಮೇಡಂ."
ಸಿಕ್ಕಿತು, ಗಾಡಿ ನಿಲ್ಲಿಸುವ ಜಾಗದಲ್ಲಿ.
ಹೊಸದು ಮಾಡಿಸಿದ ಮನೆಗಳ ಒರಳೆಲ್ಲ ಅಲ್ಲಿ ಸಾಲಾಗಿ
ಕಾರು ಗೋಡೆಗೆ ಗುದ್ದದಂತೆ ತಡೆ.
ಬಿಳೀ ಪೇಂಟಿನಲ್ಲಿ ೨, ೩, ೭, ೧೧.
ಏಳರ ಗುಳಿಗೆ ಕೈ ಹಾಕಿದೆ: ಒಂದು ಮಗ್ಗುಲು ಹೆಚ್ಚು ಸವೆದಿದೆ.
ಎಡಗೈಯವಳಿರಬೇಕು. ಅಥವಾ ಮೂಲೆ ಇಕ್ಕಟ್ಟಾಗಿತ್ತೋ ಏನೋ.
ಸ್ಕೂಟರಿನ ಮುಂದಿನ ಚಕ್ರ ಮೆಲ್ಲಗೆ ತಾಗಿಸಿ ನಿಲ್ಲಿಸಿದೆ.

ಮೊದಲ ಬೆಳಗ್ಗೆ, ಆರು.
ಕಪ್ಪು ಬಣ್ಣದ ನಲ್ಲಿ, ತಿರುವುವ ಹಾಗಿಲ್ಲ, ಕೈ ಒಡ್ಡಿದರೆ ಸಾಕಂತೆ.
ಒಡ್ಡಿದೆ. ಗೋಡೆಯೊಳಗೆ ಎಲ್ಲೋ
ಯಾರೂ ಬದಲಾಯಿಸದ ಪೈಪು ಗೊರಗೊರ ಅಂದು
ಉಗುಳಿತು ಒಂದಿಷ್ಟು ಗಾಳಿ, ಆಮೇಲೆ ತುಕ್ಕಿನ ಕೆಂಪು,
ಆಮೇಲೆ ನೀರು.
ಲೋಟ ತುಂಬಿ ಕಿಟಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿ ನೋಡಿದೆ.
ಸಣ್ಣ ಕಣಗಳು ನಿಧಾನ ಕೆಳಗಿಳಿಯುತ್ತಿದ್ದವು.
ಕಾದೆ. ಏಳೂವರೆವರೆಗೂ ಸಮಯವಿತ್ತು.