ಹನ್ನೆರಡು ಹದಿನೆಂಟು, ಸಾದಾ ಗಾಜು

ಚೌಕಿಪೇಟೆಯಲ್ಲಿ ನನ್ನದು ಗಾಜಿನ ಅಂಗಡಿ.
ದೇವರ ಪಟ, ಸತ್ತವರ ಪಟ, ಬೀರುವಿನ ಕನ್ನಡಿ,
ಯಾವುದಕ್ಕೂ ಅಳತೆ ಕೇಳುತ್ತೇನೆ, ಮುಖ ಕೇಳುವುದಿಲ್ಲ.

ಕೊಟ್ರಗೌಡ ವಾರಕ್ಕೊಮ್ಮೆ ಬಂದು ಕೂರುತ್ತಿದ್ದ,
ಸಂಜೆ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುವವ,
ಬೆರಳ ಸಂದಿಯಲ್ಲಿ ಮಸಿ, ಪೊಟ್ಟಣದಲ್ಲಿ ಖಾರ ಮಂಡಕ್ಕಿ.
ಅವನ ಚಿತ್ರದಲ್ಲಿ ಸದಾ ಒಂದು ನಿಲುವುಗನ್ನಡಿ:
ಈಚೆ ಖಾದಿ, ಒಳಗೆ ನರಿ.
ಈಚೆ ಕಂಟ್ರಾಕ್ಟರು, ಒಳಗೆ ಹೆಗ್ಗಣ,
ಬಾಯಲ್ಲಿ ಅರ್ಧ ರಸ್ತೆ.
"ಅಲ್ಲೋ, ನನ್ನ ಕನ್ನಡಿ ಯಾವತ್ತೂ ಹಿಂಗೆ ಮಾಡಿಲ್ಲ" ಅಂದರೆ
"ನಿನ್ನದರ ಬೆನ್ನಿಗೆ ರಸ, ನನ್ನದಕ್ಕೆ ಮಸಿ" ಅನ್ನುತ್ತಿದ್ದ.

ನಾನೂ ಸ್ವಲ್ಪ ಬಲ್ಲೆ.
ಕನ್ನಡಿ ಎಡವನ್ನು ಬಲ ಮಾಡುತ್ತದೆ, ಅಷ್ಟೇ.
ನರಿಯನ್ನು ಹೊರಗಿಂದ ಯಾರಾದರೂ ತರಬೇಕು.

ಒಂದೇ ಚರಂಡಿ ಎರಡು ಸಲ ಉದ್ಘಾಟನೆಯಾದ ವರ್ಷ
ಮೆಂಬರ್ ಉಚ್ಚಂಗೆಪ್ಪ ಬಂದ, ಪತ್ರಿಕೆಯಲ್ಲಿ, ಕನ್ನಡಿಯ ಮುಂದೆ.
ಇವನು ಪೇಟ ಕಟ್ಟುತ್ತಿದ್ದಾನೆ,
ಒಳಗೊಂದು ಹಂದಿ ಪೇಟ ಬಿಚ್ಚುತ್ತಿದೆ.
ಊರು ನಕ್ಕಿತು. ದೋಸೆ ಹೋಟೆಲಿನಲ್ಲಿ
ಬೆಣ್ಣೆ ಕರಗುವ ತನಕ ನಕ್ಕಿತು.
ಕಲ್ಲು ಬೀಳುತ್ತವೆಂದು ನಾನು
ಕಿಟಕಿ ಗಾಜು ಹತ್ತು ಹೆಚ್ಚಿಗೆ ತರಿಸಿಟ್ಟೆ.

ಬಂದದ್ದು ಕಲ್ಲಲ್ಲ, ಉಚ್ಚಂಗೆಪ್ಪನೇ.
ಸ್ಕೂಟರಿನ ಹಿಂದೆ ಕೊಟ್ರಗೌಡ, ತೊಡೆಯ ಮೇಲೆ
ಅದೇ ಚಿತ್ರ, ಅಸಲು.
"ಮೂರು ಸಾವಿರ ಕೊಟ್ಟೀನಿ. ಹಾಲ್‌ನಾಗೆ ಹಾಕ್ತೀನಿ.
ನಮ್ಮನ್ನ ಬರೀಬೇಕಾದ್ರೆ ನಾವೂ ಒಂದಿಷ್ಟು ಆಗಿರಬೇಕಲ್ಲ?"
ಹನ್ನೆರಡು ಹದಿನೆಂಟು. ಚಿನ್ನದ ಬಣ್ಣದ ಕಟ್ಟು.
ವಜ್ರದ ಮೊನೆ ಎಳೆದೆ,
ಗಾಜು ಒಂದೇ ಉಸಿರಿಗೆ ಬಿಟ್ಟುಕೊಟ್ಟಿತು.

ಗೋಡೆಗೆ ಆನಿಸಿ ನಿಲ್ಲಿಸಿದ್ದೇ ತಡ
ಉಚ್ಚಂಗೆಪ್ಪ ಜೇಬಿನಿಂದ ಬಾಚಣಿಕೆ ತೆಗೆದ.
ಹಂದಿಯ ಮೇಲೆ ತನ್ನ ಮುಖವಿಟ್ಟು
ಬೈತಲೆ ಸರಿಮಾಡಿಕೊಂಡ, ಮೀಸೆ ತೀಡಿದ.
ಹಂದಿ ಅವನಿಗೆ ಕಾಣಲೇ ಇಲ್ಲ,
ಅಡ್ಡ ಬಂದದ್ದು ತಾನೇ.

ಅವನು ಸರಿದ ಮೇಲೆ ಕೊಟ್ರಗೌಡ ಬಗ್ಗಿದ,
ತನ್ನ ಸಹಿ ಕಟ್ಟಿನಡಿ ಮುಚ್ಚಿಹೋಯಿತೇ ಎಂದು ನೋಡಲು.
ನಾನು ಹಿಂದೆಯೇ ನಿಂತಿದ್ದೆ. ಕಂಡಿತು:
ಬರೆದ ಕನ್ನಡಿಯೊಳಗೆ, ಬಿಚ್ಚುತ್ತಿದ್ದ ಪೇಟದ ಕೆಳಗೆ,
ಸರಿಯಾಗಿ ಅವನ ಕನ್ನಡಕ.
ಜೇಬಿನ ಮೇಲೆ ಕೈಯಿಟ್ಟುಕೊಂಡ.
ಇಬ್ಬರೂ ಏನೂ ಅನ್ನಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಬೆನ್ನಿನ ಹುಣ್ಣಿಗೆ ಎರಡು ಬೇಕು,
ಪಕ್ಕದ ಕಟಿಂಗ್ ಶಾಪಿನ ಚನ್ನವೀರನನ್ನು ಕೇಳಿ.

ಆಮೇಲೆ ಅವನ ಚಿತ್ರಗಳಲ್ಲಿ ಕನ್ನಡಿ ನಿಂತುಹೋಯಿತು.
ನರಿ ನೇರ ಬೀದಿಗೆ ಬಂತು, ಸಂತೆ ಮಾಡಿತು,
ಸಾಲಿನಲ್ಲಿ ನಿಂತು ಓಟು ಹಾಕಿತು.
ಊರು ಅಷ್ಟಾಗಿ ನಗಲಿಲ್ಲ.

ಅವತ್ತು ಕತ್ತರಿಸಿ ಉಳಿದ ಎರಡಿಂಚಿನ ಪಟ್ಟಿ
ಈಗಲೂ ನನ್ನ ಮೇಜಿನ ಮೇಲಿದೆ, ರಸ ಹಚ್ಚಿಲ್ಲ.
ಹಗಲಲ್ಲಿ ಅದರಾಚೆ ಗಿರಾಕಿಯ ಬೆರಳು ಕಾಣುತ್ತದೆ,
ಲೈಟು ಹಾಕಿದ ಮೇಲೆ ನನ್ನ ಗಲ್ಲದ ಒಂದು ತುಂಡು.
ಕಟ್ಟಿನ ಕೂಲಿ ಇನ್ನೂರ ನಲವತ್ತು
ಮೆಂಬರು ನಾಳೆ ಕೊಡುತ್ತೇನೆಂದಿದ್ದ.