ಹಳದಿ ಬರುವ ತನಕ

ಮೆಗ್ಗಾನ್ ಆಸ್ಪತ್ರೆ, ನೆಲಮಹಡಿಯ ಲ್ಯಾಬು, ರಾತ್ರಿ ಪಾಳಿ.
ಚೀಟಿಯಲ್ಲಿ: ರೂಪ್ಲಿಬಾಯಿ, ಮೂವತ್ನಾಲ್ಕು, ಶಿಕಾರಿಪುರದ ಕಡೆಯ ತಾಂಡಾ,
ಶುಂಠಿ ಹೊಲ, ಬೆನ್ನ ಮೇಲಿನ ಪಂಪು ಸೋರಿದ್ದು.
ಚೀಟಿ ತಂದ ಗಂಡನ ಅಂಗಿಗೂ ಅದೇ ವಾಸನೆ,
ಕೊಳೆತ ಬೆಳ್ಳುಳ್ಳಿ.

ನನ್ನ ಕೆಲಸ ಸಣ್ಣದು.
ಸೀರಮ್ ಒಂದು ಹನಿ, ಬಫರ್, ಬಣ್ಣದ ಮದ್ದು,
ಮೂವತ್ತೇಳು ಡಿಗ್ರಿ, ಆಮೇಲೆ ಕಾಯುವುದು.
ಕಿಣ್ವ ಬದುಕಿದ್ದರೆ ಹಳದಿ ಬರುತ್ತದೆ.
ಎಷ್ಟು ಹಳದಿ ಅಂತಲ್ಲ, ಎಷ್ಟು ಬೇಗ ಅಂತ:
ಅರ್ಧ ನಿಮಿಷಕ್ಕೊಮ್ಮೆ ಯಂತ್ರ ಇಣುಕುತ್ತದೆ
ಬೆಂದಿತೇ ಎಂದು ಅಗುಳು ಹಿಚುಕುವ ಹಾಗೆ.

ಹೋಲಿಕೆಗೆಂದು ನನ್ನದೇ ರಕ್ತ ಪಕ್ಕದ ಕೊಳವೆಯಲ್ಲಿ.
ಅದು ನಾಚಿಕೆಯಿಲ್ಲದೆ ಹಳದಿಯಾಯಿತು.
ಅವಳದ್ದು ನೀರು.
ನೀರಾಗಿಯೇ ಉಳಿಯಿತು.

ನರ ಸ್ನಾಯುವಿಗೆ ಹೇಳುತ್ತದೆ: ಹಿಡಿ.
ಹೇಳಿದ್ದನ್ನು ಯಾರಾದರೂ ಅಲ್ಲೇ ಒರೆಸಬೇಕು,
ಇಲ್ಲದಿದ್ದರೆ ಹಿಡಿ ಹಿಡಿ ಹಿಡಿ ಅನ್ನುತ್ತಲೇ ಇರುತ್ತದೆ.
ಕ್ಷಣಕ್ಕೆ ಸಾವಿರಾರು ಸಲ ಒರೆಸುವ ಆ ಕೈಗೆ
ಔಷಧಿ ಅಂಟಿದೆ.
(ಹೊಲದಲ್ಲಿ ವಿಷಕ್ಕೆ ಔಷಧಿ ಅಂತಲೇ ಹೆಸರು.)
ಮೇಲೆ ವಾರ್ಡಿನಲ್ಲಿ ಅವಳ ಕಣ್ಣಪಾಪೆ ಸಾಸಿವೆ ಕಾಳು,
ತೊಡೆಯ ಮಾಂಸ ತನ್ನಷ್ಟಕ್ಕೆ ಹರಿದಾಡುತ್ತಿದೆ.
ನನ್ನ ಕೊಳವೆಯಲ್ಲಿರುವುದು ಆ ಕೈಯಲ್ಲ, ಅದರ ದಾಯಾದಿ.
ಇಬ್ಬರಿಗೂ ಒಂದೇ ಗತಿ.

ಕೆಲವು ತಡೆಗಳು ಜಾಗಕ್ಕೆ ಜಗಳವಾಡುತ್ತವೆ, ಅಷ್ಟೇ:
ಸಾಗರದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದವನ ಹಾಗೆ.
ಜನ ನುಗ್ಗಿದರೆ ಟವೆಲ್ಲಿಗೆ ಏನು ಬೆಲೆ?
ಇದು ಹಾಗಲ್ಲ. ಸೀಟಿಗೇ ಬೆಸುಗೆ.
ಮೊದಲ ಕೆಲವು ತಾಸು ಸೂಜಿಮದ್ದಿನಿಂದ ಬಿಡಿಸಬಹುದು,
ಆಮೇಲೆ ಬೆಸುಗೆ ಮಾಗುತ್ತದೆ.

ಯಾವ ಡಬ್ಬ, ಕೇಳಿದೆ.
"ಗೊತ್ತಿಲ್ಲ ಮೇಡಂ. ಎರಡು ಮುಚ್ಚಳ ಅಂದಿದ್ರು.
ಹುಳ ಜಾಸ್ತಿ ಅಂತ ನಾನೇ ಮೂರು ಹಾಕ್ಕೊಟ್ಟೆ."
ಮೂರನೇ ಮುಚ್ಚಳಕ್ಕೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ಮುನ್ನೂರ ಹತ್ತು, ಬರೆದೆ,
ಐದು ಸಾವಿರ ದಾಟಬೇಕಾದ ಕಡೆ.

ನಾಲ್ಕನೇ ದಿನ ಮುನ್ನೂರ ಎಂಬತ್ತು.
ಆರನೇ ದಿನ ನನಗೆ ರಜೆ.
ಹನ್ನೊಂದನೇ ದಿನ, ತಪ್ಪಿರಬಹುದೆಂದು ಎರಡು ಸಲ ಹಾಕಿ ನೋಡಿದೆ,
ಸಾವಿರದ ನೂರು.

ಬೆಸುಗೆ ಬಿಟ್ಟದ್ದಲ್ಲ. ಅದು ಬಿಡುವುದಿಲ್ಲ.
ಯಾರೂ ಹೇಳದೆ ಪಿತ್ತಜನಕಾಂಗ ಕತ್ತಲಲ್ಲಿ ಕೂತು
ಹೊಸ ಕೈಗಳನ್ನು ಮಾಡುತ್ತಿತ್ತು,
ಒಂದೊಂದಾಗಿ, ಬೀಡಿ ಕಟ್ಟುವವರ ತಾಳ್ಮೆಯಲ್ಲಿ.
ಕೊಳವೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ:
ಶರಬತ್ತು ಕುಡಿದು ತೊಳೆಯದೆ ಇಟ್ಟ ಲೋಟದ ತಳದಷ್ಟು ಹಳದಿ.

ವಾರ್ಡಿಗೆ ಫೋನು ಮಾಡಿದೆ, ಸುಮ್ಮನೆ.
"ಅವಳಾ? ಗಂಜಿ ಕುಡಿಸಿದ್ರೆ ಎರಡು ಚಮಚಕ್ಕೇ
ಸಾಕು, ಸಾಕು ಅಂತ ಗಂಡನ ಕೈ ತಳ್ತಿದ್ದಾಳೆ."